ಚಲನಮಾಪಕದ ಎಣಿಕೆಯೂ ಮೂಲನಿವಾಸಿಗಳ ಕ್ರಿಯಾಪದಗಳೂ

ಮಣಿಕಟ್ಟಿಗೆ ಗಡಿಯಾರದಂತೆ ಕಟ್ಟಿಕೊಂಡರೆ ಹೆಜ್ಜೆಗಳನ್ನೂ, ನಾಡಿಯ ಬಡಿತವನ್ನೂ, ನಿದ್ರೆಯ ಅವಧಿಯನ್ನೂ ಎಣಿಸಿ ತೋರಿಸುವ ಸಣ್ಣ ಯಂತ್ರಗಳು ಈಗ ನಮ್ಮ ಪಟ್ಟಣಗಳಲ್ಲಿ ಸರ್ವಸಾಧಾರಣವಾಗಿವೆ. ಲೋಕವ್ಯವಹಾರದಲ್ಲಿ ಇವುಗಳಿಗೆ ‘ಫಿಟ್‌ನೆಸ್ ಬ್ಯಾಂಡ್’, ‘ಸ್ಮಾರ್ಟ್ ವಾಚ್’ ಎಂಬ ಹೆಸರುಗಳುಂಟು. ಸೊಂಟಕ್ಕೂ ತೊಡೆಗೂ ಎದೆಗೂ ಕಟ್ಟುವ ಪ್ರಭೇದಗಳೂ ಇರುವುದರಿಂದ ಈ ಲೇಖನದಲ್ಲಿ ಇವೆಲ್ಲವನ್ನೂ ‘ಚಲನಮಾಪಕ’ವೆಂಬ ಒಂದೇ ಹೆಸರಿನಿಂದ ನಿರ್ದೇಶಿಸುತ್ತೇವೆ. ಪಟ್ಟಣಿಗರಿಗೆ ವ್ಯಾಯಾಮದ ಲೆಕ್ಕ ಕೊಡುವುದಕ್ಕಾಗಿ ಬಳಕೆಗೆ ಬಂದ ಈ ಯಂತ್ರಜಾತಿಯನ್ನು ಮಾನವಶಾಸ್ತ್ರಜ್ಞರೂ ವೈದ್ಯರೂ ಆಫ್ರಿಕ, ದಕ್ಷಿಣ ಅಮೆರಿಕ ಮೊದಲಾದ ಖಂಡಗಳ ಮೂಲನಿವಾಸಿಗಳ ಶರೀರಕ್ಕೆ ಕಟ್ಟಿ, ಬೇಟೆಯಾಡುವುದು, ಗೆಡ್ಡೆ ಅಗೆಯುವುದು, ಜೇನು ಕೀಳುವುದು, ರಾತ್ರಿ ಮಲಗುವುದು ಮುಂತಾದ ಪರಂಪರಾಗತವಾದ ಕ್ರಿಯೆಗಳಿಗೂ ಆರೋಗ್ಯಕ್ಕೂ ಇರುವ ಸಂಬಂಧವನ್ನು ಪರೀಕ್ಷಿಸುತ್ತಿದ್ದಾರೆ.

ಇದು ವೈದ್ಯರಿಗೆ ಸಂಬಂಧಪಟ್ಟ ವಿಷಯ. ಶಬ್ದಾರ್ಥಚಿಂತನೆಯಲ್ಲಿ ತೊಡಗಿರುವ ನಮಗೆ ಇದರಿಂದೇನು ಎಂದು ವಾಚಕರು ಕೇಳಬಹುದು. ಯಂತ್ರವು ಚಲನವನ್ನು ಅಳೆಯುತ್ತದೆ; ಆ ಚಲನವು ಯಾವ ಕ್ರಿಯೆಗೆ ಸೇರಿದುದೆಂಬುದನ್ನು ಅದು ಹೇಳಲಾರದು. ಕ್ರಿಯೆಯನ್ನು ಹೇಳತಕ್ಕದ್ದು ಕ್ರಿಯಾಪದ. ಆ ಕ್ರಿಯಾಪದವು ಆಯಾ ಜನರ ಭಾಷೆಯಲ್ಲಿದೆಯೇ ಹೊರತು ಪಟ್ಟಿಯೊಳಗಿಲ್ಲ. ಆದುದರಿಂದ ಎಣಿಕೆಗೂ ಪದಕ್ಕೂ ಇರಬೇಕಾದ ಸಂಬಂಧವನ್ನು ವಿಚಾರಿಸುವುದು ಶಾಬ್ದಿಕರ ಕರ್ತವ್ಯವೇ ಆಗಿದೆ. ಈ ಸಂಬಂಧವು ತಪ್ಪಿದಲ್ಲಿ ನಷ್ಟವಾಗುವುದು ಶಾಸ್ತ್ರಕ್ಕೆ ಮಾತ್ರವಲ್ಲ. ಅಳೆಯಿಸಿಕೊಂಡ ಜನರಿಗೂ ಆಗುತ್ತದೆ ಎಂಬುದನ್ನು ಮುಂದೆ ತೋರಿಸುತ್ತೇವೆ.

೧. ಯಂತ್ರದ ಸ್ವರೂಪ

ಚಲನಮಾಪಕದ ಹೃದಯಭಾಗವು ವೇಗೋತ್ಕರ್ಷಮಾಪಕ. ಸಿಲಿಕಾನಿನ ಒಂದು ಚಿಕ್ಕ ತುಣುಕಿನಲ್ಲಿ ಅತಿಸೂಕ್ಷ್ಮವಾದ ಒಂದು ಭಾರವನ್ನು ಅಷ್ಟೇ ಸೂಕ್ಷ್ಮವಾದ ಕಮಾನುಗಳ ನಡುವೆ ತೂಗುಬಿಟ್ಟಿರುತ್ತಾರೆ. ಕೈ ಮುಂದಕ್ಕೆ ಸರಿದಾಗ ಆ ಭಾರವು ಕ್ಷಣಕಾಲ ಹಿಂದುಳಿಯುತ್ತದೆ. ಈ ಹಿಂದುಳಿಯುವಿಕೆಯಿಂದ ಸುತ್ತಲಿನ ವಿದ್ಯುತ್ತಿನಲ್ಲಿ ಉಂಟಾಗುವ ವ್ಯತ್ಯಾಸವನ್ನು ಯಂತ್ರವು ಸೆಕೆಂಡಿಗೆ ಹತ್ತಾರು ಸಲ, ಉದ್ದ ಅಗಲ ಎತ್ತರಗಳೆಂಬ ಮೂರು ದಿಕ್ಕುಗಳಲ್ಲಿ ಬರೆದುಕೊಳ್ಳುತ್ತದೆ. ಮಣಿಕಟ್ಟಿನ ಪಟ್ಟಿಗಳಲ್ಲಿ ಹಸುರು ಬೆಳಕನ್ನು ಚರ್ಮದ ಮೇಲೆ ಬೀರಿ, ಹಿಂದಿರುಗಿದ ಬೆಳಕಿನ ಏರಿಳಿತದಿಂದ ನಾಡಿಯನ್ನು ಊಹಿಸುವ ಅಂಗವೂ ಇರುವುದುಂಟು. ದೂರವನ್ನೂ ದಾರಿಯನ್ನೂ ತಿಳಿಸುವುದಕ್ಕೆ ಉಪಗ್ರಹಗಳನ್ನು ಅವಲಂಬಿಸಿದ ಜಿ.ಪಿ.ಎಸ್. ಇದೆ.

ಇಲ್ಲಿಯವರೆಗಿನದು ಪ್ರತ್ಯಕ್ಷಸ್ಥಾನೀಯ. ಆದರೆ ಯಂತ್ರವು ಜನರಿಗೆ ತೋರಿಸುವುದು ಈ ಕಚ್ಚಾ ಬರಹವನ್ನಲ್ಲ. ‘ಇಷ್ಟು ಹೆಜ್ಜೆ’, ‘ಇಷ್ಟು ನಿಮಿಷ ತೀವ್ರ ಪರಿಶ್ರಮ’, ‘ಇಷ್ಟು ಗಂಟೆ ನಿದ್ರೆ’ ಎಂಬ ನಿರ್ಣಯಗಳನ್ನು. ಇವು ಅನುಮಾನಗಳು. ಇವುಗಳ ಆಧಾರವೇನು? ೧೯೯೮ರಲ್ಲಿ ಪ್ರಕಟವಾಗಿ ಇಂದಿಗೂ ಉದ್ಧೃತವಾಗುತ್ತಿರುವ ಒಂದು ಅಧ್ಯಯನದಲ್ಲಿ ಪ್ಯಾಟಿ ಫ್ರೀಡ್ಸನ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ೫೦ ಮಂದಿ ವಯಸ್ಕರ ಸೊಂಟಕ್ಕೆ ಮಾಪಕವನ್ನು ಕಟ್ಟಿ, ಟ್ರೆಡ್‌ಮಿಲ್ಲಿನ ಮೇಲೆ ಮೂರು ವೇಗಗಳಲ್ಲಿ ನಡೆಯಿಸಿ ಓಡಿಸಿ, ಅವರ ಉಸಿರಿನಿಂದ ಶಕ್ತಿವ್ಯಯವನ್ನು ಅಳೆದರು. ನಿಮಿಷಕ್ಕೆ ೧೯೫೨ ಎಣಿಕೆಗಳಾದರೆ ಅಲ್ಲಿಂದ ಮುಂದಕ್ಕೆ ‘ಮಧ್ಯಮ ಪರಿಶ್ರಮ’ವೆಂಬ ಎಲ್ಲೆಯು ಆ ಪರೀಕ್ಷೆಯಿಂದ ಹೊರಟಿತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕೆಂಬ ಲೋಕಪ್ರಸಿದ್ಧವಾದ ನಿಯಮದ ಮೂಲವು ಇದಕ್ಕಿಂತಲೂ ವಿಚಿತ್ರವಾದುದು. ೧೯೬೫ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಒಂದು ಹೆಜ್ಜೆಮಾಪಕಕ್ಕೆ ‘ಮಾನ್‌ಪೋ-ಕೇ’ ಎಂದು ಹೆಸರಿಟ್ಟರು. ‘ಮಾನ್’ ಎಂದರೆ ಹತ್ತು ಸಾವಿರ, ‘ಪೋ’ ಎಂದರೆ ಹೆಜ್ಜೆ, ‘ಕೇ’ ಎಂದರೆ ಮಾಪಕ. ವ್ಯಾಪಾರಕ್ಕಾಗಿ ಇಟ್ಟ ಹೆಸರು ಕಾಲಕ್ರಮದಲ್ಲಿ ಆರೋಗ್ಯದ ವಿಧಿವಾಕ್ಯವೆಂಬಂತೆ ನಡೆಯತೊಡಗಿತು. ನಾಮಧೇಯವು ವಿಧಿಯಾಗಿ ಪರಿಣಮಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

೨. ವ್ಯಾಪಾರವೂ ಫಲವೂ

ಧಾತುವಿನ ಅರ್ಥದಲ್ಲಿ ವ್ಯಾಪಾರ, ಫಲ ಎಂಬ ಎರಡು ಅಂಶಗಳಿವೆಯೆಂದು ನಮ್ಮ ವೈಯಾಕರಣರು ನಿರ್ಣಯಿಸಿರುವರು. ‘ಅಡುತ್ತಾಳೆ’ ಎಂದಾಗ ಒಲೆ ಹೊತ್ತಿಸುವುದು, ಪಾತ್ರೆ ಇಡುವುದು, ಅಕ್ಕಿ ಹಾಕುವುದು, ಊದುವುದು, ಬಸಿಯುವುದು ಮೊದಲಾದ ಅನೇಕ ಸಣ್ಣ ವ್ಯಾಪಾರಗಳು ಒಂದರ ಹಿಂದೊಂದು ನಡೆದು, ಅಕ್ಕಿಯು ಅನ್ನವಾಗುವುದೆಂಬ ಫಲದಲ್ಲಿ ಮುಗಿಯುತ್ತವೆ. ಈ ಸಣ್ಣ ವ್ಯಾಪಾರಗಳನ್ನೆಲ್ಲ ‘ಒಂದು ಕ್ರಿಯೆ’ಯೆಂದು ಕಟ್ಟುವುದು ಬುದ್ಧಿ, ಬುದ್ಧಿಗೆ ಆ ಕಟ್ಟನ್ನು ಒದಗಿಸುವುದು ಫಲ. ಫಲವನ್ನು ತೆಗೆದರೆ ಉಳಿಯುವುದು ಕೈಕಾಲುಗಳ ಅಲುಗಾಟ ಮಾತ್ರ.

ಚಲನಮಾಪಕವು ಹಿಡಿಯುವುದು ವ್ಯಾಪಾರವನ್ನು. ಅದರಲ್ಲಿಯೂ ತನ್ನನ್ನು ಕಟ್ಟಿದ ಅಂಗದ ವ್ಯಾಪಾರವನ್ನು ಮಾತ್ರ. ನಮ್ಮ ಮನೆಗಳ ಹಳೆಯ ಕೆಲಸಗಳನ್ನೇ ನೋಡಬಹುದು. ಬೀಸು, ಕುಟ್ಟು, ಅರೆ, ಕೇರು, ತೂರು ಎಂದು ಕನ್ನಡದಲ್ಲಿ ಬೇರೆ ಬೇರೆ ಧಾತುಗಳಿವೆ. ಬೀಸುವವಳೂ ಅರೆಯುವವಳೂ ಕುಳಿತೇ ದುಡಿಯುತ್ತಾಳಾದ್ದರಿಂದ ಸೊಂಟಕ್ಕೆ ಕಟ್ಟಿದ ಮಾಪಕಕ್ಕೆ ಆ ಇಬ್ಬರೂ ‘ವಿಶ್ರಾಂತಿಯಲ್ಲಿರುವವರು’. ಮಣಿಕಟ್ಟಿನ ಮಾಪಕಕ್ಕಾದರೋ ಬೀಸುವ ಕೈಯೂ ಮಾತನಾಡುತ್ತ ಆಡಿಸುವ ಕೈಯೂ ಸುಲಭವಾಗಿ ಬೇರೆಯಾಗಿ ತೋರುವುದಿಲ್ಲ. ತಲೆಯ ಮೇಲೆ ಹೊರೆ ಹೊತ್ತು ನಡೆಯುವವನಿಗೂ ಬರಿಗೈಯಲ್ಲಿ ನಡೆಯುವವನಿಗೂ ಹೆಜ್ಜೆಯ ಎಣಿಕೆ ಒಂದೇ.

ಇನ್ನು ಚಲನವೇ ಇಲ್ಲದ ಕ್ರಿಯೆಗಳೂ ಉಂಟು. ಬೇಟೆಗಾರನು ಹೊಂಚುವಾಗ ಅವನ ಕೆಲಸವೆಲ್ಲ ಅಲುಗದೆ ಇರುವುದರಲ್ಲಿಯೇ ಇದೆ. ಪೂರ್ವ ಆಫ್ರಿಕದ ಹದ್ಜಾ ಜನರಲ್ಲಿ ಗಂಡಸರು ಬೇಸಗೆಯ ರಾತ್ರಿಗಳಲ್ಲಿ ನೀರಿನ ಗುಂಡಿಗಳ ಬಳಿ ಮರೆ ಕಟ್ಟಿಕೊಂಡು, ನೀರಿಗೆ ಬರುವ ಮೃಗಗಳಿಗಾಗಿ ಕಾಯುವುದುಂಟು. ಬೇಟೆಯಲ್ಲಿ ಇದಕ್ಕಿಂತ ಕಠಿನವಾದ ಘಟ್ಟವಿಲ್ಲ. ಮಾಪಕದ ಲೆಕ್ಕದಲ್ಲಿ ಅದು ಶೂನ್ಯ.

೩. ಹದ್ಜಾ ಜನರ ದೃಷ್ಟಾಂತ

ಮೇಲೆ ಹೇಳಿದ ಹದ್ಜಾ ಜನರು ಟಾಂಜಾನಿಯ ದೇಶದ ಉತ್ತರಭಾಗದಲ್ಲಿ ಎಯಾಸಿ ಸರೋವರದ ಸುತ್ತ ವಾಸಿಸುವವರು. ಇವರ ಒಟ್ಟು ಸಂಖ್ಯೆ ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಅವರಲ್ಲಿ ಕೆಲವು ನೂರು ಮಂದಿ ಮಾತ್ರ ಬೇಟೆ, ಗೆಡ್ಡೆ, ಹಣ್ಣು, ಜೇನುಗಳಿಂದ ಜೀವಿಸುವ ಪದ್ಧತಿಯನ್ನು ಉಳಿಸಿಕೊಂಡಿದ್ದಾರೆ. ಇವರ ಭಾಷೆಗೆ ಬೇರೆ ಯಾವ ಭಾಷೆಯೊಡನೆಯೂ ಬಾಂಧವ್ಯವು ಸಿದ್ಧವಾಗಿಲ್ಲ.

೨೦೧೨ರಲ್ಲಿ ಹರ್ಮನ್ ಪಾಂಟ್ಸರ್, ಡೇವಿಡ್ ರೈಕ್ಲನ್, ಬ್ರಯನ್ ವುಡ್ ಮೊದಲಾದವರು ೩೦ ಮಂದಿ ಹದ್ಜಾ ವಯಸ್ಕರ ಅಧ್ಯಯನವನ್ನು ಪ್ರಕಟಿಸಿದರು. ಜಿ.ಪಿ.ಎಸ್. ಮಾಪಕದ ಪ್ರಕಾರ ಗಂಡಸರು ದಿನಕ್ಕೆ ಸರಾಸರಿ ೧೧.೪ ಕಿಲೋಮೀಟರು, ಹೆಂಗಸರು ೫.೮ ಕಿಲೋಮೀಟರು ನಡೆಯುತ್ತಿದ್ದರು. ಇದರೊಡನೆ ವಿದ್ವಾಂಸರು ಮತ್ತೊಂದು ಪರೀಕ್ಷೆಯನ್ನೂ ನಡೆಸಿದರು. ಭಾರವಾದ ಜಲಜನಕವೂ ಭಾರವಾದ ಆಮ್ಲಜನಕವೂ ಸೇರಿದ ನೀರನ್ನು ಕುಡಿಸಿ, ಅವೆರಡೂ ಶರೀರದಿಂದ ಹೊರಹೋಗುವ ವೇಗದಲ್ಲಿರುವ ವ್ಯತ್ಯಾಸದಿಂದ ದಿನದ ಶಕ್ತಿವ್ಯಯವನ್ನು ಗಣಿಸುವುದು ಆ ಕ್ರಮ. ಫಲವು ಎಲ್ಲರ ನಿರೀಕ್ಷೆಗೆ ವಿರುದ್ಧವಾಗಿತ್ತು. ಶರೀರದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ದಿನವೆಲ್ಲ ನಡೆದು ಅಗೆದು ದುಡಿಯುವ ಹದ್ಜಾ ಜನರ ಶಕ್ತಿವ್ಯಯಕ್ಕೂ ಪಾಶ್ಚಾತ್ಯ ನಗರವಾಸಿಗಳ ಶಕ್ತಿವ್ಯಯಕ್ಕೂ ಗಣನೀಯವಾದ ಭೇದವು ಕಾಣಲಿಲ್ಲ. ಹೆಚ್ಚು ಚಲನವಾದರೆ ಅಷ್ಟೇ ಹೆಚ್ಚು ವ್ಯಯವೆಂಬ ಸರಳಸಮೀಕರಣವು ಇಲ್ಲಿ ನಿಲ್ಲಲಿಲ್ಲ.

೨೦೧೭ರಲ್ಲಿ ಅದೇ ಗುಂಪಿನ ವಿದ್ವಾಂಸರು ಹೃದಯದ ಬಡಿತವನ್ನು ಬರೆಯುವ ಎದೆಪಟ್ಟಿಗಳಿಂದ, ಹದ್ಜಾ ವಯಸ್ಕರು ದಿನಕ್ಕೆ ಸುಮಾರು ೧೩೫ ನಿಮಿಷಗಳ ಕಾಲ ಮಧ್ಯಮ ಅಥವಾ ತೀವ್ರ ಪರಿಶ್ರಮದಲ್ಲಿರುತ್ತಾರೆಂದು ಕಂಡರು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಿಧಿಸುವುದು ವಾರಕ್ಕೆ ಕನಿಷ್ಠಪಕ್ಷ ೧೫೦ ನಿಮಿಷಗಳ ಮಧ್ಯಮ ಪರಿಶ್ರಮ. ಆ ಜನರಲ್ಲಿ ಹೃದ್ರೋಗದ ಪೂರ್ವಲಕ್ಷಣಗಳೂ ವಿರಳವಾಗಿದ್ದವು.

ಇಷ್ಟು ದುಡಿಯುವವರು ಕುಳಿತಿರುವ ಕಾಲವು ಸ್ವಲ್ಪವೇ ಇರಬೇಕೆಂದು ಯಾರಿಗಾದರೂ ತೋರುತ್ತದೆ. ಆದರೆ ೨೦೨೦ರಲ್ಲಿ ಪ್ರಕಟವಾದ, ತೊಡೆಗೆ ಕಟ್ಟಿದ ಮಾಪಕಗಳ ಅಧ್ಯಯನದಿಂದ ಅವರು ದಿನಕ್ಕೆ ಸರಾಸರಿ ೯.೯ ಗಂಟೆಗಳಷ್ಟು ಕಾಲ ನಡೆಯದೆ ಕುಳಿತೋ ಒರಗಿಯೋ ಇರುತ್ತಾರೆಂದು ತಿಳಿದುಬಂದಿತು. ನಗರದ ಕಚೇರಿಗಳಲ್ಲಿ ಕೆಲಸ ಮಾಡುವವರ ಲೆಕ್ಕವೂ ಇದಕ್ಕೆ ಸಮೀಪವಾದುದೇ. ಹಾಗಾದರೆ ನಗರವಾಸಿಗೆ ದೋಷಕರವಾಗುವ ಕೂರುವಿಕೆಯು ಇವರಿಗೇಕೆ ದೋಷಕರವಲ್ಲ? ವಿದ್ವಾಂಸರು ಎಣಿಕೆಯನ್ನು ಅಲ್ಲಿಗೇ ಬಿಟ್ಟು ಭಂಗಿಯನ್ನು ನೋಡಿದರು. ಹದ್ಜಾ ಜನರು ಕುರ್ಚಿಯ ಮೇಲೆ ಕೂರುವವರಲ್ಲ. ನೆಲದ ಮೇಲೆ, ಅನೇಕವೇಳೆ ಕುಕ್ಕರುಗಾಲಿನಲ್ಲಿ ಕೂರುವರು. ಹಾಗೆ ಕುಳಿತಾಗ ಕಾಲಿನ ಸ್ನಾಯುಗಳು ಕುರ್ಚಿಯಲ್ಲಿ ಕುಳಿತಾಗಿನದಕ್ಕಿಂತ ಹೆಚ್ಚಾಗಿ ದುಡಿಯುತ್ತವೆಂಬುದು ಪರೀಕ್ಷೆಯಿಂದ ಸಿದ್ಧವಾಯಿತು. ಈ ವಿಶ್ರಾಂತಿಗೆ ಅವರು ‘ಸಕ್ರಿಯ ವಿಶ್ರಾಂತಿ’ಯೆಂಬ ಹೆಸರನ್ನು ಹೊಸದಾಗಿ ಕಟ್ಟಬೇಕಾಯಿತು.

ಕನ್ನಡಿಗನಿಗೆ ಈ ಭೇದವು ಹೊಸದಲ್ಲ. ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಮಂಡಿಯೂರುವುದು, ಒರಗುವುದು—ಇವನ್ನೆಲ್ಲ ನಮ್ಮ ಮಾತು ಮೊದಲೇ ವಿಂಗಡಿಸಿಟ್ಟಿದೆ. ‘ನಿಷ್ಕ್ರಿಯತೆ’ಯೆಂಬ ಒಂದೇ ತಲೆಬರಹದ ಕೆಳಗೆ ಇವೆಲ್ಲವನ್ನೂ ಸೇರಿಸಿದ್ದುದರಿಂದಲೇ ಪ್ರಶ್ನೆಯು ಅಷ್ಟು ಕಾಲ ಬಗೆಹರಿಯದೆ ನಿಂತಿತು. ನೆಲದ ಮೇಲೆ ಕೂರುವವರ ನುಡಿಯನ್ನು ಮೊದಲೇ ವಿಚಾರಿಸಿದ್ದರೆ ವಿಂಗಡಣೆಯು ಸಿದ್ಧವಾಗಿ ಸಿಗುತ್ತಿತ್ತು.

೪. ನಿದ್ರೆಯ ವಿಚಾರ

ನಿದ್ರೆಯನ್ನು ಮಣಿಕಟ್ಟಿನ ಮಾಪಕವು ನಿಶ್ಚಲತೆಯಿಂದ ಅನುಮಾನಿಸುತ್ತದೆ. ನಿಶ್ಚಲತೆಯು ನಿದ್ರಿಸುವವನಲ್ಲಿಯೂ ಇದೆ, ಕಣ್ಣುಮುಚ್ಚಿ ಜಪ ಮಾಡುವವನಲ್ಲಿಯೂ ಇದೆ. ತಾರ್ಕಿಕರ ಪರಿಭಾಷೆಯಲ್ಲಿ ಇದು ಸವ್ಯಭಿಚಾರ ಹೇತು. ಆದರೂ ರಾತ್ರಿಯ ಹೊತ್ತು, ಅನೇಕ ದಿನಗಳ ಬರಹ ಸೇರಿದಾಗ ಈ ದೋಷವು ಬಹುಮಟ್ಟಿಗೆ ಕಡಮೆಯಾಗಿ, ಬೇರೆ ಯಾವ ಉಪಾಯದಿಂದಲೂ ತಿಳಿಯಲಾಗದ ಸಂಗತಿಗಳು ಹೊರಬಿದ್ದಿವೆ. ಯಂತ್ರದ ಮಿತಿಯನ್ನು ಹೇಳಿದವರು ಅದರ ಉಪಕಾರವನ್ನೂ ಹೇಳಬೇಕಾದುದು ನ್ಯಾಯ.

೨೦೧೫ರಲ್ಲಿ ಗಂಧಿ ಯೆಟಿಷ್, ಜೆರೋಮ್ ಸೀಗಲ್ ಮೊದಲಾದವರು ಹದ್ಜಾ ಜನರನ್ನೂ, ದಕ್ಷಿಣ ಆಫ್ರಿಕದ ಭಾಗದ ಸಾನ್ ಜನರನ್ನೂ, ಬೊಲಿವಿಯದ ಚಿಮಾನೆ ಜನರನ್ನೂ ಸೇರಿಸಿ ೯೪ ಮಂದಿಯ ೧೧೬೫ ದಿನಗಳ ಬರಹವನ್ನು ಪ್ರಕಟಿಸಿದರು. ವಿದ್ಯುದ್ದೀಪವಿಲ್ಲದ ಈ ಜನರು ಕತ್ತಲಾಗುತ್ತಲೇ ಮಲಗಿ ಬಹಳ ಹೊತ್ತು ನಿದ್ರಿಸುವರೆಂಬುದು ಸಾಮಾನ್ಯವಾದ ನಂಬಿಕೆಯಾಗಿತ್ತು. ಮಾಪಕವು ತೋರಿಸಿದುದು ಬೇರೆ: ಅವರು ಮಲಗುವುದು ಸೂರ್ಯಾಸ್ತವಾಗಿ ಸರಾಸರಿ ಮೂರು ಗಂಟೆಗಳಿಗೂ ಹೆಚ್ಚು ಕಾಲವಾದ ಮೇಲೆ, ನಿದ್ರಿಸುವುದು ೫.೭ರಿಂದ ೭.೧ ಗಂಟೆಗಳವರೆಗೆ. ಈ ಅಧ್ಯಯನದಲ್ಲಿ ಶಾಬ್ದಿಕರು ಲಕ್ಷಿಸಬೇಕಾದ ಮತ್ತೊಂದು ವಿಷಯವಿದೆ. ನಿದ್ರೆ ಬಾರದಿರುವ ರೋಗವನ್ನು ಕುರಿತು ಪ್ರಶ್ನಿಸಲು ಹೋದಾಗ, ಸಾನ್ ಮತ್ತು ಚಿಮಾನೆ ಜನರ ಭಾಷೆಗಳಲ್ಲಿ ಆ ರೋಗಕ್ಕೆ ಪದವೇ ಇರಲಿಲ್ಲ; ದುಭಾಷಿಗಳಿಗೆ ಅದೇನೆಂದು ವಿವರಿಸಿ ಹೇಳಬೇಕಾಯಿತು. ಆರು ಗಂಟೆಗಳ ನಿದ್ರೆಯು ನಗರದಲ್ಲಿ ‘ನಿದ್ರಾಹೀನತೆ’ಯ ಶಂಕೆಗೆ ಗುರಿಯಾಗುತ್ತದೆ, ಅಲ್ಲಿ ಅದು ನಿದ್ರೆಯೇ.

೨೦೧೭ರಲ್ಲಿ ಡೇವಿಡ್ ಸ್ಯಾಮ್ಸನ್ ಮೊದಲಾದವರು ೩೩ ಮಂದಿ ಹದ್ಜಾ ವಯಸ್ಕರ ರಾತ್ರಿಗಳನ್ನು ೨೦ ದಿನಗಳ ಕಾಲ ಬರೆಯಿಸಿದರು. ೨೨೦ಕ್ಕೂ ಹೆಚ್ಚು ಗಂಟೆಗಳ ಆ ಬರಹದಲ್ಲಿ ಮೂವತ್ತಮೂರು ಮಂದಿಯೂ ಏಕಕಾಲದಲ್ಲಿ ನಿದ್ರಿಸುತ್ತಿದ್ದುದು ಒಟ್ಟು ೧೮ ನಿಮಿಷಗಳು ಮಾತ್ರ. ಕಾವಲುಗಾರರನ್ನು ನೇಮಿಸದಿದ್ದರೂ ಯಾರಾದರೊಬ್ಬರು ಎಚ್ಚರವಿದ್ದೇ ಇರುತ್ತಿದ್ದರು. ವಯಸ್ಸಾದವರು ಬೇಗ ಮಲಗಿ ಬೇಗ ಏಳುವುದೂ ಕಿರಿಯರು ತಡವಾಗಿ ಮಲಗುವುದೂ ಇದಕ್ಕೆ ಕಾರಣ. ಮುಪ್ಪಿನಲ್ಲಿ ನಡುರಾತ್ರಿ ಎಚ್ಚರವಾಗುವುದು ರೋಗವೋ, ಗುಂಪಿನ ರಕ್ಷಣೆಗೆ ಒದಗಿದ ಸ್ವಭಾವವೋ ಎಂಬ ಪ್ರಶ್ನೆಯು ಇದರಿಂದ ಹುಟ್ಟಿತು. ೨೦೨೧ರಲ್ಲಿ ಆರ್ಜೆಂಟೀನದ ಟೋಬಾ ಅಥವಾ ಖೋಮ್ ಜನರ ೯೮ ಮಂದಿಯ ಅಧ್ಯಯನವು, ಹುಣ್ಣಿಮೆಗೆ ಮುಂಚಿನ ಕೆಲವು ರಾತ್ರಿಗಳಲ್ಲಿ ಅವರು ತಡವಾಗಿ ಮಲಗಿ ಕಡಮೆ ನಿದ್ರಿಸುವರೆಂದು ತೋರಿಸಿತು. ಸಂಜೆಯ ಹೊತ್ತು ಬೆಳದಿಂಗಳು ದೊರೆಯುವುದು ಆ ರಾತ್ರಿಗಳಲ್ಲಿಯೇ. ಇಂಥ ಸೂಕ್ಷ್ಮಗಳನ್ನು ಪಕ್ಕದಲ್ಲಿ ಕುಳಿತು ನೋಡುವ ಮನುಷ್ಯನು ಎಂದಿಗೂ ಹಿಡಿಯಲಾರನು.

೫. ವ್ಯಾಪ್ತಿಯೂ ಉಪಾಧಿಯೂ

ಇಷ್ಟಾದ ಮೇಲೆ ಚಲನದಿಂದ ಆರೋಗ್ಯವನ್ನು ಅನುಮಾನಿಸುವ ವಿಷಯಕ್ಕೆ ಬರುತ್ತೇವೆ. ಚಿಮಾನೆ ಜನರು ದಿನಕ್ಕೆ ಸುಮಾರು ೧೬ರಿಂದ ೧೭ ಸಾವಿರ ಹೆಜ್ಜೆ ನಡೆಯುವವರು. ೨೦೧೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೪೦ ವರ್ಷ ಮೀರಿದ ೭೦೫ ಮಂದಿ ಚಿಮಾನೆ ಜನರ ಪೈಕಿ ೫೯೬ ಮಂದಿಯ ಹೃದಯದ ರಕ್ತನಾಳಗಳಲ್ಲಿ ಸುಣ್ಣದ ಸಂಚಯವು ಸ್ವಲ್ಪವೂ ಇರಲಿಲ್ಲ. ‘ಆದುದರಿಂದ ಹದಿನೇಳು ಸಾವಿರ ಹೆಜ್ಜೆ ನಡೆಯುವವನ ಹೃದಯವು ಶುದ್ಧವಾಗಿರುತ್ತದೆ’ ಎಂದು ಹೇಳಿಬಿಡುವುದು ಸುಲಭ.

ಆದರೆ ಬೆಂಕಿ ಇರುವಲ್ಲೆಲ್ಲ ಹೊಗೆ ಇರುತ್ತದೆಂಬ ವ್ಯಾಪ್ತಿಯು ನಿಲ್ಲುವುದಿಲ್ಲವೆಂಬುದು ತರ್ಕದ ಪ್ರಾರಂಭದಲ್ಲಿಯೇ ಕಲಿಯುವ ವಿಷಯ. ಕಾಯಿಸಿದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿಸೌದೆಯ ಸಂಯೋಗವೂ ಬೇಕು, ಅದೇ ಉಪಾಧಿ. ಚಿಮಾನೆ ಜನರ ವಿಷಯದಲ್ಲಿ ಇಂಥ ಉಪಾಧಿಗಳು ಅನೇಕ. ಅವರು ತಿನ್ನುವುದು ತಾವೇ ಬೆಳೆದ ಬಾಳೆ, ಮರಗೆಣಸು, ಅಕ್ಕಿ, ತಾವೇ ಹಿಡಿದ ಮೀನು, ಧೂಮಪಾನವು ವಿರಳ, ರಕ್ತದಲ್ಲಿ ಕೊಬ್ಬಿನ ಅಂಶವು ಕಡಮೆ. ಫ್ರೀಡ್ಸನ್ನರ ೧೯೫೨ರ ಎಲ್ಲೆಗೂ ಟ್ರೆಡ್‌ಮಿಲ್ಲಿನ ಸಮನೆಲವು ಉಪಾಧಿಯಾಗಿದೆ. ಏರುದಾರಿಯಲ್ಲಿ ಹೊರೆ ಹೊತ್ತವನಿಗೆ ಆ ಎಲ್ಲೆಯನ್ನು ಹಾಗೆಯೇ ಅನ್ವಯಿಸಲಾಗದು.

ಉಪಾಧಿಯನ್ನು ಮರೆತರೆ ಏನಾಗುವುದೆಂಬುದಕ್ಕೆ ಪೀಮಾ ಜನರ ಚರಿತ್ರೆಯನ್ನು ನೋಡಬೇಕು. ತಮ್ಮನ್ನು ‘ನದಿಯ ಜನ’ರೆಂದು ಕರೆದುಕೊಳ್ಳುವ ಇವರು ಅರಿಜೋನದ ಹೀಲಾ ನದಿಯ ನೀರಿನಿಂದ ಬೇಸಾಯ ಮಾಡುತ್ತಿದ್ದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಲಸೆ ಬಂದವರು ನದಿಯ ನೀರನ್ನು ಮೇಲ್ಗಡೆಯಲ್ಲಿಯೇ ತಿರುಗಿಸಿಕೊಂಡುದರಿಂದ ಇವರ ಹೊಲಗಳು ಒಣಗಿದವು. ೨೦೦೬ರಲ್ಲಿ ಪ್ರಕಟವಾದ ಹೋಲಿಕೆಯ ಪ್ರಕಾರ ಅರಿಜೋನದ ಪೀಮಾ ವಯಸ್ಕರಲ್ಲಿ ನೂರಕ್ಕೆ ೩೮ ಮಂದಿಗೆ ಸಿಹಿಮೂತ್ರರೋಗವಿತ್ತು. ಮೆಕ್ಸಿಕೋ ದೇಶದ ಬೆಟ್ಟಗಳಲ್ಲಿ ಬೇಸಾಯ ಮಾಡಿಕೊಂಡಿರುವ, ಅದೇ ವಂಶಕ್ಕೆ ಸೇರಿದ ಪೀಮಾ ಜನರಲ್ಲಿ ನೂರಕ್ಕೆ ೭ ಮಂದಿಗಿಂತ ಕಡಮೆ. ಮೆಕ್ಸಿಕೋದವರ ದೈಹಿಕ ಪರಿಶ್ರಮವು ಬಹಳ ಹೆಚ್ಚಿನದೆಂಬುದೂ ಕಂಡಿತು. ಈ ಲೆಕ್ಕವನ್ನು ಬರಿಯ ಪರಿಶ್ರಮದ ಲೆಕ್ಕವಾಗಿ ಓದಿದವನು ಅರಿಜೋನದ ಪೀಮಾ ರೈತನಿಗೆ ಹೇಳುವುದು ‘ಹೆಚ್ಚು ನಡೆ’ ಎಂದು. ಚರಿತ್ರೆಯೊಡನೆ ಓದಿದವನು ‘ಇವನ ನೀರೆಲ್ಲಿ’ ಎಂದು ಕೇಳುತ್ತಾನೆ. ಉಳು, ಬಿತ್ತು, ಹಾಯಿಸು ಎಂಬ ಕ್ರಿಯೆಗಳು ನಿಂತುಹೋದುದು ಸೋಮಾರಿತನದಿಂದಲ್ಲ. ಆ ಕ್ರಿಯೆಗಳ ಕರ್ಮವಾದ ನೆಲಜಲಗಳು ಕೈತಪ್ಪಿದುದರಿಂದ. ೨೦೦೪ರಲ್ಲಿ ಅಮೆರಿಕದ ಶಾಸನವೊಂದು ಇವರ ನೀರಿನ ಹಕ್ಕನ್ನು ಇತ್ಯರ್ಥಗೊಳಿಸಿತು. ಯಾವ ಚಲನಮಾಪಕವೂ ಈ ಕಾರಣವನ್ನು ಬರೆದು ತೋರಿಸಲಾರದು.

೬. ಸ್ವಾಸ್ಥ್ಯವೆಂಬ ಪದ

‘ಸ್ವಸ್ಥ’ನೆಂದರೆ ತನ್ನಲ್ಲಿ ತಾನು ನಿಂತವನು ಎಂಬುದು ಪದದ ವ್ಯುತ್ಪತ್ತಿ. ಸುಶ್ರುತನು ಸ್ವಸ್ಥಪುರುಷನನ್ನು ಲಕ್ಷಿಸುವಾಗ ದೋಷ, ಅಗ್ನಿ, ಧಾತುಗಳ ಸಮತೆಯನ್ನು ಹೇಳಿ ಅಲ್ಲಿಗೇ ನಿಲ್ಲಿಸದೆ, ಆತ್ಮೇಂದ್ರಿಯಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸಿರುವುದು ವಿದ್ವಾಂಸರಿಗೆ ತಿಳಿದ ವಿಷಯವೇ. ನ್ಯೂಜಿಲೆಂಡಿನ ಮಾವೊರಿ ವೈದ್ಯ ಮೇಸನ್ ಡ್ಯೂರಿ ಎಂಬವರು ೧೯೮೦ರ ದಶಕದಲ್ಲಿ ತಮ್ಮ ಜನರ ಆರೋಗ್ಯಕಲ್ಪನೆಯನ್ನು ನಾಲ್ಕು ಗೋಡೆಗಳ ಮನೆಯೆಂದು ನಿರೂಪಿಸಿದರು. ಶರೀರ, ಮನಸ್ಸು, ಕುಟುಂಬ, ಅಧ್ಯಾತ್ಮ ಇವೇ ಆ ಗೋಡೆಗಳು. ಒಂದು ಬಿದ್ದರೆ ಮನೆ ನಿಲ್ಲದು. ಚಲನಮಾಪಕಕ್ಕೆ ಎಟುಕುವುದು ಈ ನಾಲ್ಕರಲ್ಲಿ ಒಂದು ಗೋಡೆ. ಅದೂ ಒಂದು ಮುಖ ಮಾತ್ರ.

ಹವಾಯಿ ದ್ವೀಪಗಳ ಹೂಲಾ ನರ್ತನವನ್ನು ಇಲ್ಲಿ ಉದಾಹರಿಸಬಹುದು. ಅದು ವ್ಯಾಯಾಮವೂ ಹೌದು. ಆದರೆ ಅದನ್ನು ಆಡುವವರಿಗೆ ವಂಶಾವಳಿಯ ಪಠನವೂ, ದೇವತಾಸ್ತುತಿಯೂ, ನೆಲದ ಸ್ಮರಣೆಯೂ ಆಗಿದೆ. ೧೮೩೦ರಲ್ಲಿ ರಾಣಿ ಕಅಹುಮನು ಅದರ ಬಹಿರಂಗ ಪ್ರದರ್ಶನವನ್ನು ನಿಷೇಧಿಸಿದಳು. ೧೮೮೩ರಲ್ಲಿ ಕಲಾಕೌವ ರಾಜನ ಪಟ್ಟಾಭಿಷೇಕೋತ್ಸವದಲ್ಲಿ ಅದು ಮತ್ತೆ ಬಹಿರಂಗಕ್ಕೆ ಬಂದಿತು. ರಕ್ತದ ಒತ್ತಡವುಳ್ಳ ೨೬೩ ಮಂದಿ ಹವಾಯಿ ಮೂಲನಿವಾಸಿಗಳನ್ನು ಎರಡು ಗುಂಪು ಮಾಡಿ ನಡೆಸಿ ೨೦೨೧ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಹೂಲಾ ಕಲಿತ ಗುಂಪಿನವರ ರಕ್ತದ ಒತ್ತಡವು ಮತ್ತೊಂದು ಗುಂಪಿನವರದಕ್ಕಿಂತ ಹೆಚ್ಚಾಗಿ ಇಳಿಯಿತು. ಇಳಿಸಿದುದು ಹೆಜ್ಜೆಯೋ, ಹಾಡೋ, ಒಡನಾಡಿಗಳೋ, ಒಮ್ಮೆ ತಡೆಯಲ್ಪಟ್ಟ ತಮ್ಮದೊಂದು ವಸ್ತುವು ಕೈಗೆ ಮರಳಿದ ಸಂತೋಷವೋ? ಇವನ್ನು ಬಿಡಿಸಿ ತೂಗಲು ಹೊರಡುವ ಮೊದಲು, ಬಿಡಿಸಿದ ಮೇಲೆ ಉಳಿಯುವುದು ಹೂಲಾ ಅಹುದೇ ಎಂದು ಕೇಳತಕ್ಕದ್ದು.

೭. ಎಣಿಕೆಯು ಯಾರ ಸ್ವತ್ತು

ಶರೀರದಿಂದ ತೆಗೆದ ಎಣಿಕೆಯು ಯಾರಿಗೆ ಸೇರತಕ್ಕದ್ದೆಂಬುದು ಕೊನೆಯ ಪ್ರಶ್ನೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಹವಾಸುಪಾಯಿ ಜನರು ೧೯೯೦ರ ದಶಕದಲ್ಲಿ ಸಿಹಿಮೂತ್ರರೋಗದ ಸಂಶೋಧನೆಗೆಂದು ತಮ್ಮ ರಕ್ತವನ್ನು ಕೊಟ್ಟರು. ಅದೇ ರಕ್ತವನ್ನು ಮನೋರೋಗ, ಜನಾಂಗದ ವಲಸೆ ಮೊದಲಾದ, ಅವರು ಒಪ್ಪಿಗೆ ಕೊಡದ ವಿಷಯಗಳಿಗೂ ಬಳಸಿದುದು ಮುಂದೆ ತಿಳಿದುಬಂದಿತು. ವ್ಯಾಜ್ಯವು ೨೦೧೦ರಲ್ಲಿ ಏಳು ಲಕ್ಷ ಡಾಲರುಗಳ ಪರಿಹಾರದಿಂದಲೂ ರಕ್ತವನ್ನು ಹಿಂದಿರುಗಿಸುವುದರಿಂದಲೂ ಮುಗಿಯಿತು. ರಕ್ತಕ್ಕೆ ಸಲ್ಲುವ ನ್ಯಾಯವು ನಾಡಿಯ ಬರಹಕ್ಕೂ ನಡೆದ ದಾರಿಗೂ ಸಲ್ಲಬೇಕು. ೨೦೧೮ರ ಜನವರಿಯಲ್ಲಿ, ಸ್ಟ್ರಾವಾ ಎಂಬ ಸಂಸ್ಥೆಯು ತನ್ನ ಬಳಕೆದಾರರ ಓಟದ ದಾರಿಗಳನ್ನೆಲ್ಲ ಸೇರಿಸಿ ಪ್ರಕಟಿಸಿದ್ದ ಭೂಪಟದಲ್ಲಿ ಸೈನ್ಯಗಳ ಗುಪ್ತ ಠಾಣೆಗಳು ಕಾಣಿಸಿಕೊಂಡ ಸಂಗತಿಯು ಎಲ್ಲೆಡೆ ಚರ್ಚೆಗೆ ಬಂದಿತು. ಸೈನ್ಯಕ್ಕೇ ಹೀಗಾದ ಮೇಲೆ, ಜೇನುಮರ, ಮದ್ದಿನ ಗಿಡ, ಪಿತೃಗಳ ಸ್ಥಾನ ಇವುಗಳಿಗೆ ಹೋಗುವ ಕಾಡುದಾರಿಯು ಬಯಲಾದರೆ ಅದನ್ನು ಕಾಯುವವರು ಯಾರು?

ಮೂಲನಿ­ವಾಸಿಗಳು ಈ ವಿಷಯದಲ್ಲಿ ಸುಮ್ಮನಿಲ್ಲ. ಕೆನಡದ ಮೂಲಜನಾಂಗಗಳು ೧೯೯೮ರಲ್ಲಿಯೇ ತಮ್ಮ ಕುರಿತ ಮಾಹಿತಿಯ ಮೇಲೆ ಸ್ವಾಮ್ಯ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕು ತತ್ತ್ವಗಳನ್ನು ಘೋಷಿಸಿದವು. ೨೦೧೭ರಲ್ಲಿ ದಕ್ಷಿಣ ಆಫ್ರಿಕದ ಸಾನ್ ಜನರು ತಮ್ಮಲ್ಲಿಗೆ ಬರುವ ಸಂಶೋಧಕರಿಗೆ ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿಗಳನ್ನು ವಿಧಿಸುವ ನಿಯಮಾವಳಿಯನ್ನು ತಾವೇ ರಚಿಸಿದರು. ಅಳೆಯಿಸಿಕೊಳ್ಳುವವರು ಕೇವಲ ಪ್ರಮೇಯಗಳಲ್ಲ, ಪ್ರಮಾತೃಗಳೂ ಹೌದೆಂಬುದು ಇವೆಲ್ಲದರ ಸಾರ.

೮. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಅಂಶಗಳು ಫಲಿಸುತ್ತವೆ. ಮೊದಲನೆಯದು, ಮಾಪಕವನ್ನು ಕಟ್ಟುವ ಮೊದಲು ಆ ಜನರ ಭಾಷೆಯಲ್ಲಿ ಅವರ ಕೆಲಸಗಳಿಗಿರುವ ಕ್ರಿಯಾಪದಗಳನ್ನು ಸಂಗ್ರಹಿಸಿ, ಎಣಿಕೆಯನ್ನು ಆ ಪದಗಳ ಕೆಳಗೆ ಬರೆಯತಕ್ಕದ್ದು. ಎರಡನೆಯದು, ಒಂದು ದೇಶದ ಪರೀಕ್ಷಾಲಯದಲ್ಲಿ ಹಿಡಿದ ವ್ಯಾಪ್ತಿಯನ್ನು ಮತ್ತೊಂದು ದೇಶದ ಕಾಡಿಗೆ ಒಯ್ಯುವ ಮುನ್ನ ಉಪಾಧಿಗಳನ್ನು ಶೋಧಿಸತಕ್ಕದ್ದು. ಮೂರನೆಯದು, ಎಣಿಕೆಯು ಕೊಟ್ಟವರ ಅಧೀನದಲ್ಲಿರತಕ್ಕದ್ದು.

ಇವುಗಳಲ್ಲಿ ಮೊದಲನೆಯದು ನಮ್ಮ ಕೈಗೆ ಎಟುಕುವ ಕೆಲಸ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ, ಕೊಡಗು ಮೈಸೂರು ಸೀಮೆಗಳ ಜೇನುಕುರುಬರ ನುಡಿಗಳು ಕನ್ನಡಕ್ಕೆ ತೀರ ಹತ್ತಿರದವು. ಜೇನು ಕೀಳುವ, ಗೆಡ್ಡೆ ಅಗೆಯುವ, ಮರ ಹತ್ತುವ, ಕಾಯುವ, ಕುಣಿಯುವ ಕ್ರಿಯೆಗಳಿಗೆ ಆ ಜನರಲ್ಲಿರುವ ಧಾತುಗಳನ್ನು ಅವರ ಒಪ್ಪಿಗೆಯಿಂದ, ಅವರ ಬಾಯಿಂದಲೇ ಕೇಳಿ ಬರೆದಿಡುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ಕಾಗದ, ಲೇಖನಿ, ತಾಳ್ಮೆ ಸಾಕು. ನಾಳೆ ವೈದ್ಯರು ಪಟ್ಟಿಗಳನ್ನು ಹಿಡಿದು ಆ ಹಾಡಿಗಳಿಗೆ ಹೋದಾಗ ಈ ಪದಪಟ್ಟಿಯೂ ಅವರ ಕೈಯಲ್ಲಿರುವಂತೆ ಮಾಡುವುದು ಭಾಷಾಧ್ಯಾಪಕರಿಗೂ ಅವರ ವಿದ್ಯಾರ್ಥಿಗಳಿಗೂ ಸೇರಿದ ಹೊಣೆ. ಆ ಕೆಲಸವನ್ನು ಈಗಲೇ ಕೈಕೊಳ್ಳಬೇಕು. ಕಾಡಿನ ಕೆಲಸವು ನಿಂತ ಮನೆಯಲ್ಲಿ ಅದರ ಕ್ರಿಯಾಪದವು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುತ್ತದೆ.